ಮೂಗಿನ ಸಾಲು

ಮಾರ್ಚ್ 3, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ಕ್ಯಾಂಟೀನಿನ ಗೋಡೆಗೆ ಕರಿಹಲಗೆ ತೂಗುಹಾಕಿದೆ, ನಾನು ಸೀಮೆಸುಣ್ಣ ಹಿಡಿದು ಅದರ ಮುಂದೆ ನಿಂತಿದ್ದೇನೆ. ಬೆಂಚುಗಳ ಮೇಲೆ ಕೂತವರೆಲ್ಲ ನನ್ನ ಆರನೇ ಕ್ಲಾಸಿನ ಜೊತೆಯವರು, ಆದರೆ ಎಲ್ಲರಿಗೂ ಈಗಿನ ನನ್ನ ವಯಸ್ಸು. ಬರೆಯಹೋದರೆ ಹಲಗೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ಹಿಂದಿನಿಂದ ಯಾರೋ, "ಮೊದ್ಲು ನಿನ್ ಸರ್ಟಿಫಿಕೇಟ್ ತೋರ್ಸು" ಅನ್ನುತ್ತಾರೆ. ಹೆದರಿ ಗೋಡೆಯ ಮೇಲಿನ ಬೆಂಕಿ ಗಂಟೆ ಒತ್ತುತ್ತೇನೆ. ಸದ್ದೇ ಬರುವುದಿಲ್ಲ. ಆದರೂ ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ.

ಎದ್ದವಳು ಒಲೆ ನೋಡಿದೆ, ಆರಿಸಿತ್ತು. ಚಿಲಕ ನೋಡಿದೆ, ಹಾಕಿತ್ತು. ಮತ್ತೊಮ್ಮೆ ನೋಡಿದೆ. ಬಸ್ ಡ್ಯೂಟಿಗೆ ಹೊರಟಿದ್ದ ನಮ್ಮವರು ಶೂ ಕಟ್ಟುತ್ತಾ, "ಆ ಚಿಲಕಕ್ಕೆ ಕಾಲಿದ್ದಿದ್ರೆ ನಿನ್ ಕಾಟ ತಡೀಲಾರ್ದೆ ಇಷ್ಟೊತ್ತಿಗೆ ಓಡಿಹೋಗಿರೋದು" ಅಂದರು.

ನಾಳೆಯಿಂದ ನಾನು ಪಾಠ ಮಾಡಬೇಕು. ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ದೂರದಿಂದ ಬಂದು ಸೇರಿದವರು ಒಂಬತ್ತು ಜನ. ಅವರಿಗೆ ಇಲ್ಲಿನ ಭಾಷೆ ಕಲಿಸಲು ಮೇಡಂ ಮಂಗಳವಾರ, ಶುಕ್ರವಾರ ಬರುತ್ತಿದ್ದರು. ಶಾಲೆಯಿಂದ ರಿಟೈರಾದವರು. ನಾನು ಬ್ಲೀಚ್ ವಿಭಾಗದವಳು. ಶಿಫ್ಟ್ ಮುಗಿದ ಮೇಲೆ ಕ್ಲಾಸಿಗೆ ಬೆಂಚು ಸರಿಸುವುದು, ಕಾಗದ ಹಂಚುವುದು ಮಾಡಿಕೊಂಡಿದ್ದೆ. ಈಗ ಮೇಡಂಗೆ ಮಂಡಿ ಆಪರೇಷನ್. ಆರು ವಾರ ನೀನೇ ನೋಡ್ಕೋ ಅಂದುಬಿಟ್ಟರು. ಆರನೇ ಕ್ಲಾಸಿನಲ್ಲಿ ಅಮ್ಮನ ಕಾಯಿಲೆ ಅಂತ ಶಾಲೆ ಬಿಟ್ಟವಳು, ಹದಿನಾಲ್ಕಕ್ಕೆ ಮತ್ತೆ ಹೋಗಿ ಎಂಟು ತಿಂಗಳಿಗೆ ಮತ್ತೆ ಬಿಟ್ಟವಳು, ನಾನು ಹೇಗೆ ಅಂದೆ. ಭಾಷೆ ನಿನ್ನ ನಾಲಿಗೆಯಲ್ಲಿದೆ, ಉಳಿದದ್ದು ಈ ಪುಸ್ತಕದಲ್ಲಿದೆ ಅಂತ ಒಂದು ತೆಳ್ಳನೆಯ ನೋಟುಪುಸ್ತಕ ಕೊಟ್ಟರು. ಅದರ ತುಂಬ ಪುಟ್ಟ ಪುಟ್ಟ ಕವನ ಬರೆಸುವ ಆಟಗಳು.

ಮ್ಯಾನೇಜರ್‌ಗೆ ನನ್ನ ಮೇಲೆ ಮೊದಲೇ ಕಣ್ಣು. ಹೋದ ವರ್ಷ ತೊಳೆಯುವ ಯಂತ್ರದಿಂದ ಆವಿ ಎದ್ದದ್ದನ್ನು ಹೊಗೆ ಅಂದುಕೊಂಡು ಬೆಂಕಿ ಗಂಟೆ ಒತ್ತಿದವಳು ನಾನು. ಇಡೀ ಕಟ್ಟಡ ರಸ್ತೆಗೆ ಬಂತು. ಮೂರು ಆಸ್ಪತ್ರೆಗೆ ಬಟ್ಟೆ ತಡವಾಯಿತು. ಅಂದಿನಿಂದ ನನ್ನ ಹೆಸರು ಗಂಟೆಯಕ್ಕ. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಇರಿ ಅಂತ ಅವರು ಎಲ್ಲರ ಮುಂದೆ ಹೇಳಿದ್ದಾರೆ.

ಮಾರ್ಚ್ 4, ಮಂಗಳವಾರ

ಮುಗಿಯಿತು. ಬದುಕಿದ್ದೇನೆ. ಬೆನ್ನೆಲ್ಲ ಬೆವರು.

ಮೊದಲ ಆಟ ಐದು ಸಾಲಿನದು. ಒಂದನೇ ಸಾಲಿಗೆ ಒಂದು ವಸ್ತುವಿನ ಹೆಸರು. ಎರಡಕ್ಕೆ ಅದು ಹೇಗಿದೆ ಅನ್ನುವ ಎರಡು ಮಾತು. ಮೂರಕ್ಕೆ ಅದು ಮಾಡುವ ಮೂರು ಕೆಲಸ. ನಾಲ್ಕಕ್ಕೆ ಒಂದು ಚಿಕ್ಕ ವಾಕ್ಯ. ಐದಕ್ಕೆ ನಾವೇ ಇಡುವ ಇನ್ನೊಂದು ಹೆಸರು. ಹಲಗೆಯ ಮೇಲೆ ಬರೆಯುವಾಗ ಒಂದು ಸಾಲು ಸೊಟ್ಟಗಾಯಿತು, ಒರೆಸಿ ಮತ್ತೆ ಬರೆದೆ. ಯಾರೂ ನಗಲಿಲ್ಲ. ಅವರಿಗೆ ನನಗಿಂತ ಹೆಚ್ಚು ಹೆದರಿಕೆ ಅಂತ ಆಮೇಲೆ ಗೊತ್ತಾಯಿತು.

ಬಟ್ಟೆ ಗಾಡಿ ತಳ್ಳುವ ಮೀಸೆ ಅಣ್ಣ ಮೊದಲು ಬರೆದು, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದ:

ಗಾಡಿ
ಭಾರ, ಹಠಮಾರಿ
ತಿರುಗುತ್ತದೆ, ಕಿರುಚುತ್ತದೆ, ನಿಲ್ಲುತ್ತದೆ
ನನ್ನ ಮಾತು ಕೇಳುವುದಿಲ್ಲ
ಭಾವಮೈದ

ಅವನ ಭಾವಮೈದ ಪಕ್ಕದ ಬೆಂಚಿನಲ್ಲೇ ಕೂತಿದ್ದ. ಕ್ಯಾಂಟೀನಿನ ಅಡುಗೆಯವರೂ ಕಿಟಕಿಯಿಂದ ತಲೆ ಹಾಕಿ ನಕ್ಕರು.

ಬರುವ ದಾರಿಯಲ್ಲಿ ಒಂದು ಕೆಂಪು ಪೆನ್ನು ಕೊಂಡೆ. ಮೇಡಂ ಪುಸ್ತಕದ ಮೊದಲ ಪುಟದಲ್ಲಿ "ತಿದ್ದುವ ಮೊದಲು ಬರೆದವರನ್ನು ಕೇಳಿ" ಅಂತಿದೆ. ಅದು ಓದಿಕೊಂಡವರಿಗೆ ಸರಿ. ನನ್ನಂಥವಳು ತಿದ್ದದೆ ಬಿಟ್ಟರೆ ಇವಳಿಗೇ ಬರುವುದಿಲ್ಲ ಅಂದುಕೊಳ್ಳುತ್ತಾರೆ. ನನ್ನ ಶಾಲೆಯ ಪುಸ್ತಕಗಳ ತುಂಬ ಕೆಂಪು ಗೀಟುಗಳೇ ಇದ್ದವು. ಆ ಬಣ್ಣದ ಪೆನ್ನು ನನ್ನ ಕೈಯಲ್ಲಿ ಹೀಗೆ ಕೂರುತ್ತದೆ ಅಂತ ಗೊತ್ತಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಮೂಲೆಯಲ್ಲಿ ಕೂರುವಾಕೆ ಇವತ್ತೂ ಬಾಯಿ ಬಿಡಲಿಲ್ಲ. ಒಣಗಿಸುವ ವಿಭಾಗದಲ್ಲಿ ಮೂರನೇ ಡ್ರೈಯರ್ ಅವಳದು. ಬಂದು ನಾಲ್ಕು ತಿಂಗಳು. ಕಾಗದದ ಮೇಲೆ ಎರಡೇ ಮಾತು ಬರೆದು, ಅದರ ಮೇಲೆ ಕೈ ಮುಚ್ಚಿಕೊಂಡು ಕೂತಳು. ನನ್ನಿಂದಲೇ ಇರಬೇಕು. ಮೇಡಂ ಇದ್ದಾಗ ಇಷ್ಟು ಮುದುಡುತ್ತಿದ್ದಳೇ? ನೆನಪಾಗುತ್ತಿಲ್ಲ. ಆಗ ನಾನೂ ಕೆಳಗೇ ನೋಡಿಕೊಂಡು ಕಾಗದ ಹಂಚುತ್ತಿದ್ದೆ.

ಎರಡು ಸಲ ಬೀಗ ನೋಡಲು ಬಸ್ ಸ್ಟಾಪಿನಿಂದ ವಾಪಸ್ ಬಂದೆ.

ಮಾರ್ಚ್ 11, ಮಂಗಳವಾರ

ಕ್ಲಾಸಿನ ಮಧ್ಯೆ ಮ್ಯಾನೇಜರ್ ಬಂದರು. ಇಪ್ಪತ್ತೊಂದನೇ ತಾರೀಖು ಆಸ್ಪತ್ರೆಯ ಕಡೆಯಿಂದ ಮೂವರು ಲಾಂಡ್ರಿ ನೋಡಲು ಬರುತ್ತಾರಂತೆ. ಕ್ಲಾಸನ್ನೂ ನೋಡುತ್ತಾರೆ. ಗೋಡೆಗೆ ಚೆಂದ ಚೆಂದದ್ದು ಏನಾದರೂ ಅಂಟಿಸಿ, ಅವರಿಗೆ ಖುಷಿಯಾದರೆ ಕ್ಲಾಸ್ ಉಳಿಯುತ್ತದೆ, ಇಲ್ಲವಾದರೆ ಕ್ಯಾಂಟೀನ್ ಬೇರೆ ಶಿಫ್ಟಿಗೆ ಬೇಕಾಗಿದೆ ಅಂದರು. ಹೋಗುವಾಗ ನನ್ನ ಕಡೆ ತಿರುಗಿ, "ಏನೂ ಗಲಾಟೆ ಇಲ್ದೆ ಆಗ್ಲಿ" ಅಂದರು. ನನಗೊಬ್ಬಳಿಗೇ ಹೇಳಿದ್ದು.

ಪುಸ್ತಕ ತೆಗೆದು ಎರಡನೇ ಆಟ ಶುರುಮಾಡಿದೆ. ಇದಕ್ಕೂ ಐದೇ ಸಾಲು. ನಾನು ಕೆಲಸ ಮಾಡುವ ಜಾಗ ಕಣ್ಣಿಗೆ ಏನು, ಕಿವಿಗೆ ಏನು, ಕೈಗೆ, ಮೂಗಿಗೆ, ನಾಲಿಗೆಗೆ ಏನು. ಮೂಲೆಯಾಕೆ ಮೊದಲ ಸಲ ತಲೆ ಎತ್ತದೆ ಬರೆದಳು. ನಾನೇ ಹೋಗಿ ಕೇಳುವ ಮೊದಲು ಕಾಗದ ತಂದುಕೊಟ್ಟಳು.

ಕಣ್ಣಿಗೆ: ಬಿಳಿ ಬೆಟ್ಟ
ಕಿವಿಗೆ: ಮೂರನೇ ಯಂತ್ರ, ಹಸಿದ ಹೊಟ್ಟೆ
ಕೈಗೆ: ಬಿಸಿ ಕಂಬಳಿ
ಮೂಗಿಗೆ: ಸುಟ್ಟ ಕೂದಲು
ನಾಲಿಗೆಗೆ: ನನ್ನ ಬೆವರು

ಎರಡು ಸಲ ಓದಿದೆ. ಇಷ್ಟು ದಿನ ಇದನ್ನೆಲ್ಲ ಎಲ್ಲಿಟ್ಟುಕೊಂಡಿದ್ದಳು. ನಾಲ್ಕನೇ ಸಾಲು ಮಾತ್ರ ಸರಿ ಕಾಣಲಿಲ್ಲ. ಒಗೆದ ಬಟ್ಟೆಯ ವಾಸನೆಗೆ ಏನನ್ನಬೇಕೋ ತಿಳಿಯದೆ ಗೊತ್ತಿದ್ದ ಯಾವುದೋ ಮಾತು ಹಾಕಿದ್ದಾಳೆ ಪಾಪ. ಆಸ್ಪತ್ರೆಯವರು ಓದಿದರೆ ಏನೆಂದುಕೊಂಡಾರು. ಕೆಂಪು ಪೆನ್ನಿನಲ್ಲಿ ಹೊಡೆದು ಮೇಲೆ "ಒಗೆದ ಬಟ್ಟೆಯ ಪರಿಮಳ" ಅಂತ ಬರೆದೆ, ಓದಿ ಹೇಳಿದೆ. ಅವಳು ಕಾಗದವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಮೂಗಿನ ತುದಿ ಮುಟ್ಟಿಕೊಂಡಳು. "ಸರಿ ಟೀಚರ್" ಅಂದಳು. ಹೊಸ ಹಾಳೆಯಲ್ಲಿ ದುಂಡಗೆ ಬರೆದುಕೊಟ್ಟಳು.

ಟೀಚರ್ ಅಂತ ನನ್ನನ್ನು ಯಾರಾದರೂ ಕರೆದದ್ದು ಇದೇ ಮೊದಲು.

ಮಾರ್ಚ್ 14, ಶುಕ್ರವಾರ

ಒಂಬತ್ತೂ ಹಾಳೆ ಗೋಡೆಗೆ ಅಂಟಿಸಿದೆವು. ನೀಲಿ ಕಾಗದದ ಅಂಚು ಕಟ್ಟಿದೆವು. ಮೂಲೆಯಾಕೆಯದು ನಡುವಿನಲ್ಲಿ. ಮ್ಯಾನೇಜರ್ ದೂರದಿಂದ ನೋಡಿ ತಲೆಯಾಡಿಸಿದರು. ಮೀಸೆ ಅಣ್ಣ ತನ್ನ ಹಾಳೆಯ ಕೆಳಗೆ ಮೀಸೆಯ ಚಿತ್ರ ಬಿಡಿಸಿ ಸಹಿ ಅಂದ. ಬೇಡ ಅನ್ನಲು ಮನಸ್ಸಾಗಲಿಲ್ಲ.

ಸರಿ ಹೋಗುತ್ತಿದೆ. ಹೀಗೆ ಬರೆದರೆ ಕೆಟ್ಟುಹೋಗುತ್ತದೇನೋ.

ಮಾರ್ಚ್ 15, ಶನಿವಾರ

ಬೆಳಗ್ಗೆ ಒಲೆಯ ಮುಂದೆ ಬಗ್ಗಿ ಹಾಲು ನೋಡುತ್ತಿದ್ದೆ. ನಮ್ಮವರು ಬಚ್ಚಲುಮನೆಯಿಂದ, ಮುಖದ ತುಂಬ ಸೋಪಿನ ನೊರೆಯಲ್ಲೇ ಓಡಿಬಂದರು. "ಏನೇ ಇದು, ಕೂದ್ಲು ಸುಟ್ಟ ವಾಸ್ನೆ." ನನ್ನ ಜಡೆಯ ತುದಿ ಬೆಂಕಿಗೆ ತಾಗಿ ಒಂದು ಬೆರಳುದ್ದ ಸುರುಟಿತ್ತು. ನೀರು ಹಾಕಿದರು. ಒಲೆ ಆರಿಸಿದರು. "ನಿನ್ ತಲೆ ನಿನ್ ಮೂಗಿನ ಹತ್ರಾನೇ ಸುಟ್ರೂ ನಿನ್ಗೆ ಗೊತ್ತಾಗ್ಲಿಲ್ವಲ್ಲೇ" ಅಂದರು.

ಗೊತ್ತಾಗಲಿಲ್ಲ. ಹನ್ನೊಂದು ವರ್ಷ ಬ್ಲೀಚಿನ ಹಬೆ ಕುಡಿದ ಮೂಗು. ಹಾಲು ಹೊತ್ತಿದರೂ ಪಾತ್ರೆ ನೋಡಿಯೇ ತಿಳಿಯಬೇಕು. ಅದು ಹೊಸದೇನಲ್ಲ, ಇಬ್ಬರೂ ಅದಕ್ಕೆ ನಗುತ್ತಿದ್ದೆವು.

ಒದ್ದೆ ಜಡೆ ಹಿಡಿದುಕೊಂಡು ನಿಂತವಳಿಗೆ ಆ ನಾಲ್ಕನೇ ಸಾಲು ನೆನಪಾಯಿತು. ಇದೇ ಮೂಗಿಟ್ಟುಕೊಂಡು ನಾನು ಇನ್ನೊಬ್ಬಳ ಮೂಗಿಗೆ ಕೆಂಪು ಗೀಟು ಹಾಕಿದ್ದೇನೆ. ಅವಳಿಗೆ ಮಾತು ಗೊತ್ತಿತ್ತು. ಸುಟ್ಟ ಕೂದಲು ಅಂದರೆ ಸುಟ್ಟ ಕೂದಲೇ.

ಕೆಲಸಕ್ಕೆ ಹೋದವಳೇ ಮೂರನೇ ಡ್ರೈಯರಿನ ಹಿಂದಿನ ಓಣಿಗೆ ಹೋಗಿ ನಿಂತೆ. ಮೂಗು ಎಳೆದೂ ಎಳೆದೂ ತಲೆ ಸುತ್ತಿತು. ಏನೂ ಇಲ್ಲ. ನನಗೆ ಏನೂ ಇಲ್ಲ ಅಂದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥವೇ? ಗೋಡೆಯ ಮೇಲಿನ ಗಂಟೆ ನೋಡಿದೆ. ಕೈ ಜೇಬಿನೊಳಗೆ ಇಟ್ಟುಕೊಂಡು ವಾಪಸ್ ಬಂದೆ.

ಮಾರ್ಚ್ 16, ಭಾನುವಾರ

ಡ್ರೈಯರಿನ ಬಿಸಿ ಗಾಳಿ ಹೊರಗೆ ಹೋಗುವ ಕೊಳವೆಯಲ್ಲಿ ಬಟ್ಟೆಯ ನೂಲಿನ ಧೂಳು ಕಟ್ಟುತ್ತದೆ. ಅದು ಹತ್ತಿಯಷ್ಟು ಹಗುರ, ಬೆಂಕಿ ಸೋಕಿದರೆ ಸಾಕು. ಎಲ್ಲರಿಗೂ ಗೊತ್ತಿರುವ ವಿಷಯ. ಆ ಕೊಳವೆ ಇಸ್ತ್ರಿ ವಿಭಾಗದ ತಲೆಯ ಮೇಲೇ ಹಾದುಹೋಗುತ್ತದೆ. ಅಲ್ಲಿ ಒಂದು ಶಿಫ್ಟಿಗೆ ಹದಿನೆಂಟು ಜನ.

ತಾಳಲಾರದೆ ಮೇಡಂ ಮನೆಗೆ ಹೋದೆ. ಕಾಲು ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಎಲ್ಲ ಹೇಳಿದೆ. ಇದು ನಿಜವೋ ನನ್ನ ಎಂದಿನ ಹೆದರಿಕೆಯೋ ಹೇಳಿ ಅಂದೆ. ಮೇಡಂ ಬೈಯುತ್ತಾರೆ ಅಂದುಕೊಂಡೆ.

"ಇಷ್ಟು ದೂರ ಬಸ್ ಹತ್ತಿ ಬಂದು ನನ್ನ ಕೇಳ್ತಿದೀಯಲ್ಲ," ಅಂದರು. "ಅವಳನ್ನ ಕೇಳಿದ್ಯಾ?"

ಮಾರ್ಚ್ 17, ಸೋಮವಾರ

ಕೇಳಿದೆ.

ಊಟದ ಹೊತ್ತಿನಲ್ಲಿ ಅವಳ ಪಕ್ಕ ಹೋಗಿ ಕೂತೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ತಂಗೀ, ಅವತ್ತು ಮೂಗಿನ ಸಾಲು ನಾನು ಹೊಡೆದುಹಾಕಿದೆನಲ್ಲ, ನೀನು ಬರೆದದ್ದು ನಿಜವಾ ಅಂದೆ. ಅವಳು ಊಟದ ಡಬ್ಬಿ ಮುಚ್ಚಿದಳು. ಮಾತು ಹುಡುಕುವಾಗ ಅವಳು ಗಾಳಿಯಲ್ಲಿ ಬೆರಳಾಡಿಸುತ್ತಾಳೆ, ದಾರ ಹಿಡಿಯುವ ಹಾಗೆ.

"ನಾನು ಸುಟ್ಟಿದ್ದು ಅಂದೆ. ಟೀಚರ್ ಪರಿಮಳ ಅಂದ್ರು," ಅಂದಳು. "ನಾನು ಅಂದ್ಕೊಂಡೆ, ಈ ಊರಲ್ಲಿ ಈ ವಾಸನೆಗೆ ಇದೇ ಹೆಸರು. ಎಲ್ಲರಿಗೂ ಗೊತ್ತು. ಯಾರಿಗೂ ಹೆದ್ರಿಕೆ ಇಲ್ಲ. ನಂಗೂ ಬೇಡ."

ಈ ಮಾತನ್ನು ಇಲ್ಲಿ ಬರೆಯಲು ಎರಡು ಸಲ ಪೆನ್ನು ಕೆಳಗಿಟ್ಟೆ.

ವಾಸನೆ ಮಧ್ಯಾಹ್ನದ ಮೇಲೆ, ದಪ್ಪ ಕಂಬಳಿ ಹಾಕಿದಾಗ. ಬೆಳಗ್ಗೆ ತೆಳು ಬಟ್ಟೆಗೆ ಇರುವುದಿಲ್ಲ. ಎರಡು ವಾರದಿಂದ. ಇಷ್ಟನ್ನೂ ಅವಳು ತಡವರಿಸದೆ ಹೇಳಿದಳು.

ಅಲ್ಲಿಂದ ನೇರ ಫಿಟ್ಟರ್ ಹತ್ತಿರ ಹೋದೆ. ಯಂತ್ರಗಳ ಜವಾಬ್ದಾರಿ ಅವನದು, ಒಳ್ಳೆಯವನೇ, ಬಾಯಿ ಮಾತ್ರ ಹರಿತ. "ಏನಕ್ಕ, ಈ ಸಲ ಯಾವ ಗಂಟೆ?" ಅಂದ. ಹೇಳಿದೆ. ಎಲ್ಲಿ ನೋಡಿದೆ ಅಂದ. ನಾನು ನೋಡಲಿಲ್ಲ, ಒಬ್ಬಳು ಕವನದಲ್ಲಿ ಬರೆದಿದ್ದಾಳೆ ಅಂದೆ. ಅಂದ ಮೇಲೆ ಅದು ಹೇಗೆ ಕೇಳಿಸಿತು ಅಂತ ನನಗೇ ಗೊತ್ತಾಯಿತು.

"ಕವನ ಓದ್ಕೊಂಡು ಯಂತ್ರ ಬಿಚ್ಚು ಅಂತೀಯ," ಅಂದ. "ನಾಳೆ ಹಾಡು ಹೇಳಿದ್ರೆ ಬಾಯ್ಲರ್ ಬಿಚ್ತೀನಿ."

ಆಮೇಲೆ ಸ್ವಲ್ಪ ಮೆತ್ತಗಾದ. ಕೊಳವೆ ಕ್ಲೀನ್ ಮಾಡುವುದು ಹೋದ ತಿಂಗಳೇ ಆಗಬೇಕಿತ್ತಂತೆ. ಇಪ್ಪತ್ತೊಂದು ದಾಟುವವರೆಗೆ ಯಾವ ಯಂತ್ರವೂ ನಿಲ್ಲಕೂಡದು ಅಂತ ಮ್ಯಾನೇಜರ್ ಹೇಳಿದ್ದಾರಂತೆ. ಒಬ್ಬರ ಮೂಗು ಸಾಲುವುದಿಲ್ಲ ಅಂದ. ಅದರಲ್ಲೂ ಹೇಳಲು ಬಂದವಳು ನಾನು.

ಮಾರ್ಚ್ 18, ಮಂಗಳವಾರ

ಒಬ್ಬರ ಮೂಗು ಸಾಲದು. ಬಟ್ಟೆ ಅದ್ದುವಾಗಲೂ ಅದೇ ಮಾತು, ಬಸ್ಸಿನಲ್ಲೂ ಅದೇ.

ಕ್ಲಾಸಿನಲ್ಲಿ ಅದೇ ಐದು ಸಾಲಿನ ಆಟ ಮತ್ತೆ ಕೊಟ್ಟೆ. ಈ ಸಲ ಜಾಗ ಒಂದೇ, ಮೂರನೇ ಡ್ರೈಯರಿನ ಹಿಂದಿನ ಓಣಿ. ನಾಳೆ ಮಧ್ಯಾಹ್ನ ಊಟವಾದ ಮೇಲೆ ಒಬ್ಬೊಬ್ಬರೇ ಹೋಗಿ, ನೂರು ಎಣಿಸುವಷ್ಟು ಹೊತ್ತು ನಿಂತು ಬರೆಯಿರಿ, ಒಬ್ಬರದನ್ನು ಇನ್ನೊಬ್ಬರು ನೋಡಬೇಡಿ ಅಂದೆ. ಯಾಕೆ ಅಂತ ಹೇಳಲಿಲ್ಲ. ಹೇಳಿದರೆ ನನ್ನ ಹೆದರಿಕೆಯನ್ನೇ ಬರೆದುಕೊಂಡು ಬರುತ್ತಾರೆ. ಮೂಲೆಯಾಕೆಗೆ ಮಾತ್ರ ಗೊತ್ತು. ಅವಳು ಬಾಯಿ ಬಿಡುವವಳಲ್ಲ.

ಮೀಸೆ ಅಣ್ಣ ನಾಲಿಗೆ ಸಾಲಿಗೆ ಗೋಡೆ ನೆಕ್ಕಬೇಕಾ ಅಂತ ಕೇಳಿದ. ನಾಲಿಗೆ ಬಿಟ್ಟುಬಿಡಿ ಅಂದೆ.

ಕೆಂಪು ಪೆನ್ನು ಮನೆಯಲ್ಲೇ ಇತ್ತು. ಮರೆತು ಹೋಗಿದ್ದೆನೋ ಏನೋ.

ಮಾರ್ಚ್ 20, ಗುರುವಾರ

ನಿನ್ನೆಯಿಂದ ಒಬ್ಬೊಬ್ಬರಾಗಿ ಬ್ಲೀಚ್ ವಿಭಾಗಕ್ಕೆ ಬಂದು ಕಾಗದ ಕೊಟ್ಟು ಹೋದರು. ಏಪ್ರನ್ ಜೇಬು, ತಲೆಗವಸಿನ ಮಡಿಕೆ, ಒಬ್ಬನದು ಶೂ ಒಳಗಿಂದ. ಮೂಗಿನ ಸಾಲುಗಳನ್ನು ನೆನಪಿರುವಾಗಲೇ ಇಲ್ಲಿ ಬರೆದಿಡುತ್ತೇನೆ. ಕಾಗದ ಕಳೆದರೂ ಇದು ಇರಲಿ.

ಮೂಗಿಗೆ: ಅಜ್ಜಿ ಇಸ್ತ್ರಿ ಮಾಡಿ ಮರೆತ ಅಂಗಿ
ಮೂಗಿಗೆ: ಆರಿದ ಬತ್ತಿ
ಮೂಗಿಗೆ: ನನಗೆ ನೆಗಡಿ, ಕ್ಷಮಿಸಿ
ಮೂಗಿಗೆ: ಬಿಸಿ ಧೂಳು
ಮೂಗಿಗೆ: ಸೋಪು
ಮೂಗಿಗೆ: ನನ್ನ ಊರಲ್ಲಿ ಕುರಿಯ ಉಣ್ಣೆ ಸುಟ್ಟಾಗ
ಮೂಗಿಗೆ: ಸುಟ್ಟದ್ದು, ಆದರೆ ಅನ್ನ ಅಲ್ಲ
ಮೂಗಿಗೆ: ಕಹಿ
ಮೂಗಿಗೆ: ಸುಟ್ಟ ಕೂದಲು. ಮೊನ್ನೆಗಿಂತ ಹೆಚ್ಚು.

ನೆಗಡಿಯವನು ಮೀಸೆ ಅಣ್ಣ. ಅವನ ಕೈಯ ಸಾಲಿನಲ್ಲಿ "ಗೋಡೆ ಬಿಸಿ, ಕೈ ಇಡಲಾಗಲಿಲ್ಲ" ಅಂತಿದೆ.

ಒಂಬತ್ತನ್ನೂ ಹಿಡಿದು ಮ್ಯಾನೇಜರ್ ರೂಮಿಗೆ ಹೋದೆ. ಬಾಗಿಲ ಹೊರಗೆ ನಿಂತು ಮೂರು ಸಲ ವಾಪಸ್ ಹೊರಟೆ. ಒಳಗೆ ಹೋದಾಗ ಅವರು ನಾಳೆಯವರಿಗೆ ಕುರ್ಚಿ ಎಷ್ಟು ಅಂತ ಫೋನಿನಲ್ಲಿ ಹೇಳುತ್ತಿದ್ದರು. ಕಾಗದ ತೆಗೆದುಕೊಂಡರು, ಎರಡು ಓದಿದರು. ಮುಖದಲ್ಲಿ ಏನೋ ಬಂತು, ಹೋಯಿತು. ಕೆಟ್ಟವರಲ್ಲ, ಅವರಿಗೂ ಮೇಲಿನವರಿದ್ದಾರೆ. ನಾಳೆ ಒಂದು ದಿನ ಕಳೆಯಲಿ, ಸೋಮವಾರ ನೋಡೋಣ ಅಂದರು. ನಾಳೆ ಮಧ್ಯಾಹ್ನವೂ ಕಂಬಳಿ ಹಾಕುತ್ತಾರಲ್ಲ ಸರ್ ಅಂದೆ. ಅವರು ಕಾಗದಗಳನ್ನು ಮಡಚಿ ಮೇಜಿನ ಡ್ರಾಯರಿಗೆ ಹಾಕಿದರು.

"ಇವನ್ನ ಗೋಡೆಗೆ ಹಾಕ್ಬೇಡಿ," ಅಂದರು. "ಗಂಟೆ ವಿಷ್ಯ ನೆನಪಿದೆ ತಾನೆ?"

ಮನೆಗೆ ಬಂದು ಸುಮ್ಮನೆ ಕೂತಿದ್ದೆ. ಕೈಯಲ್ಲಿ ಪೆನ್ಸಿಲಿತ್ತು. ಬರೆಯಬೇಕೆಂದು ಬರೆದದ್ದಲ್ಲ.

ಗಂಟೆ
ಕೆಂಪು, ದುಂಡು
ಕಾಯುತ್ತದೆ, ಕಾಯುತ್ತದೆ, ಕಾಯುತ್ತದೆ
ಒಂದು ಸಲ ಕೂಗಿ ಬೈಸಿಕೊಂಡಿತು
ಅಕ್ಕ

ನಮ್ಮವರು ನಾಳೆ ಹೋಗಬೇಡ, ಜ್ವರ ಅಂತ ಹೇಳು ಅಂದರು. ಕೆಲಸ ಹೋದರೆ ಹೋಗಲಿ, ನಿನ್ನ ಮುಖ ನೋಡಲಾಗುತ್ತಿಲ್ಲ ಅಂದರು. ಹೋಗದಿದ್ದರೆ ಮೂಲೆಯಾಕೆ ಒಬ್ಬಳೇ ಆ ಯಂತ್ರದ ಮುಂದೆ ನಿಂತಿರುತ್ತಾಳೆ.

ಮಾರ್ಚ್ 21, ಶುಕ್ರವಾರ

ಮರೆಯುವ ಮೊದಲು ಬೇಗ ಬರೆದುಬಿಡುತ್ತೇನೆ. ಅಕ್ಷರ ಕೆಟ್ಟರೆ ಕೆಡಲಿ.

ಮೂರೂವರೆಗೆ ಆಸ್ಪತ್ರೆಯವರು ಕ್ಯಾಂಟೀನಿಗೆ ಬಂದರು. ಇಬ್ಬರು ಗಂಡಸರು, ಒಬ್ಬರು ದೊಡ್ಡ ನರ್ಸಮ್ಮ. ಮ್ಯಾನೇಜರ್ ಬಾಗಿಲ ಬಳಿ ಇದ್ದರು, ಫಿಟ್ಟರ್ ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ. ಯಂತ್ರಗಳ ಸದ್ದು ಗೋಡೆಯಾಚೆಯಿಂದ ಎಂದಿನ ಹಾಗೆ. ಅದರಲ್ಲಿ ಮೂರನೆಯದು ಯಾವುದು ಅಂತ ಕಿವಿ ಹುಡುಕುತ್ತಲೇ ಇತ್ತು. ನರ್ಸಮ್ಮ ಗೋಡೆಯ ಮುಂದೆ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ನಿಂತು ಓದಿದರು. ಮೀಸೆಯ ಸಹಿಗೆ ನಕ್ಕರು. ಮೂಲೆಯಾಕೆಯ ಹಾಳೆ ಬೆರಳಲ್ಲಿ ತೋರಿಸಿ, ಇದು ಯಾರದು, ಅವರ ಬಾಯಲ್ಲೇ ಕೇಳಬೇಕು ಅಂದರು.

ಅವಳು ಎದ್ದಳು. ಹಾಳೆ ನೋಡಿದಳು. ನನ್ನನ್ನು ನೋಡಿದಳು.

ಮ್ಯಾನೇಜರ್ ಕೂಡ ನನ್ನನ್ನೇ ನೋಡುತ್ತಿದ್ದರು. ಕನಸಿನಲ್ಲಿ ಎಲ್ಲರೂ ತಿರುಗಿದ ಹಾಗೆಯೇ. ಏನೋ ಹೇಳಿದೆ. ಹೇಳಿದ್ದು ಎಲ್ಲರಿಗೂ ಕೇಳಿಸಿತು ಅಂತ ಆಮೇಲೆ ಗೊತ್ತಾಯಿತು.

"ಗೋಡೆ ಮೇಲಿರೋದು ಬೇಡ ತಂಗಿ. ಅದ್ರಲ್ಲಿ ಒಂದು ಸಾಲು ನಂದು. ನೀನು ಮೊದ್ಲು ಬರೆದಿದ್ದು ಹೇಳು."

ಅವಳು ಗೋಡೆಗೆ ಬೆನ್ನು ಮಾಡಿ ನಿಂತು, ನೋಡದೆಯೇ ಐದೂ ಸಾಲು ಹೇಳಿದಳು. ಮೂಗಿಗೆ ಸುಟ್ಟ ಕೂದಲು ಅಂದಾಗ ನರ್ಸಮ್ಮ ಹೌದಾ, ಎಲ್ಲಿ ಅಂದರು. ಅವಳು ಗೋಡೆಯಾಚೆ ಕೈ ತೋರಿದಳು. ಯಾವುದೋ ಹಳೆಯ ನೆನಪಿರಬೇಕು ಮೇಡಂ, ಕಲ್ಪನೆ ಅಂತ ಮ್ಯಾನೇಜರ್ ಶುರುಮಾಡಿದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮೀಸೆ ಅಣ್ಣ ಎದ್ದ. ಕಾಗದಗಳೆಲ್ಲ ಮ್ಯಾನೇಜರ್ ರೂಮಿನಲ್ಲೇ ಉಳಿದಿದ್ದವು. ಅವನು ಬಾಯಲ್ಲೇ ಹೇಳಿದ. ಗೋಡೆ ಬಿಸಿ, ಕೈ ಇಡಲಾಗಲಿಲ್ಲ. ಅವನ ಭಾವಮೈದ ಎದ್ದ. ಆರಿದ ಬತ್ತಿ. ಇನ್ನೊಬ್ಬಳು. ಕುರಿಯ ಉಣ್ಣೆ. ನಾನು ಹೇಳಿಕೊಟ್ಟದ್ದಲ್ಲ. ಒಬ್ಬೊಬ್ಬರು ಒಂದೊಂದು ಸಾಲು ಹೇಳಿ, ಕೂರದೆ, ನಿಂತೇ ಇದ್ದರು. ಸೋಪು ಅಂತ ಬರೆದಿದ್ದವನೂ ಎದ್ದ. "ನಂಗೆ ಸೋಪೇ ಬಂತು," ಅಂದ. "ಆದ್ರೆ ನಾನು ಬೆಳಗ್ಗೆ ಹೋಗಿದ್ದೆ."

ಯಾರೂ ನಗಲಿಲ್ಲ. ಹಿಂದೆ ನೋಡಿದೆ. ಫಿಟ್ಟರ್ ಇರಲಿಲ್ಲ.

ಎಷ್ಟು ಹೊತ್ತೋ. ಮ್ಯಾನೇಜರ್ ಚಹಾ ತಣ್ಣಗಾಗುತ್ತದೆ ಅಂದರು. ಯಾರೂ ಲೋಟ ಮುಟ್ಟಲಿಲ್ಲ. ಆಮೇಲೆ ಗೋಡೆಯಾಚೆಯ ಸದ್ದಿನಲ್ಲಿ ಒಂದು ಎಳೆ ಕಡಿಮೆಯಾಯಿತು. ಮೂಲೆಯಾಕೆ ಮೂರು ಬೆರಳು ಎತ್ತಿ ನನಗೆ ತೋರಿಸಿದಳು.

ಫಿಟ್ಟರ್ ಬಂದಾಗ ಮೊಣಕೈವರೆಗೆ ಕಪ್ಪು. ಒಂದು ತಗಡಿನ ತಟ್ಟೆಯಲ್ಲಿ ದಿಂಬಿನಷ್ಟು ನೂಲುಧೂಳು. ಮೇಲೆ ಬೂದು, ಕೆಳಗೆ ಕಂದು, ಒಂದು ಅಂಚು ಇದ್ದಿಲಿನ ಹಾಗೆ. ಅದರ ಅಂಚಿನಿಂದ ಕೂದಲೆಳೆಯಷ್ಟು ಹೊಗೆ ಏಳುತ್ತಿತ್ತು. ಚಹಾ ಲೋಟಗಳ ಪಕ್ಕ ಇಟ್ಟ. ದೊಡ್ಡವರ ಕಡೆ ನೋಡಲಿಲ್ಲ.

"ಮುಟ್ಬೇಡಿ," ಅಂದ. "ಇನ್ನೂ ಬಿಸಿ ಇದೆ."

ಲೋಟ ಎತ್ತಿ ತಟ್ಟೆಗೆ ಚಹಾ ಸುರಿದವರು ನರ್ಸಮ್ಮ.

ಮಾರ್ಚ್ 24, ಸೋಮವಾರ

ಕೆಲಸ ಹೋಗಿಲ್ಲ. ಹೋಗುತ್ತದೆ ಅಂತ ಊಟದ ಡಬ್ಬಿಯನ್ನೂ ಕಟ್ಟಿಕೊಳ್ಳದೆ ಹೋಗಿದ್ದೆ, ಹಸಿದುಕೊಂಡಿರಬೇಕಾಯಿತು. ಮೂಲೆಯಾಕೆ ತನ್ನದರಲ್ಲಿ ಅರ್ಧ ಕೊಟ್ಟಳು.

ಮ್ಯಾನೇಜರ್ ಬಹಳ ಹೊತ್ತು ಕೂರಿಸಿಕೊಂಡಿದ್ದರು. ನಡೆದದ್ದನ್ನೆಲ್ಲ ಬರೆದುಕೊಡಿ ಅಂದರು. ನನ್ನ ಕೈಬರಹದಲ್ಲೇ ಸರ್ ಅಂದೆ. ಮತ್ಯಾರ ಕೈಯಲ್ಲಿ ಅಂದರು. ಕೊಳವೆಗಳೆಲ್ಲ ಶನಿವಾರವೇ ಕ್ಲೀನಾಗಿವೆ. ಎರಡನೆಯದರಲ್ಲೂ ಕಟ್ಟಿತ್ತಂತೆ. ಕ್ಲಾಸ್ ನಡೆಯಲಿ ಅಂತ ನರ್ಸಮ್ಮ ಹೇಳಿ ಹೋಗಿದ್ದಾರಂತೆ. ಕೊನೆಗೆ ಮ್ಯಾನೇಜರ್, "ಅವತ್ತು ನಂಗೆ ಹೇಳ್ದಾಗ ಇನ್ನೂ ಸ್ವಲ್ಪ ಜೋರಾಗಿ ಹೇಳ್ಬೇಕಿತ್ತು" ಅಂದರು. ನಾನು ಹೇಳಿದ್ದೆ, ಸರ್ ಅಂದೆ. ಅಂದ ಮೇಲೆ ಹೆದರಿಕೆಯಾಯಿತು, ಆದರೆ ಅವರು ಸುಮ್ಮನೆ ತಲೆಯಾಡಿಸಿದರು.

ಎರಡು ಪುಟ ಬರೆದೆ. ತಪ್ಪುಗಳಿವೆ. ಮೂಗಿನ ಸಾಲನ್ನು ಹೊಡೆದುಹಾಕಿದ್ದು ನಾನೇ ಅನ್ನುವುದನ್ನೂ ಬರೆದೆ. ಅದನ್ನು ಬಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ತಿಳಿಯುತ್ತಿತ್ತು.

ಮಾರ್ಚ್ 25, ಮಂಗಳವಾರ

ಬೆಳಗ್ಗೆ ಬಸ್ ಸ್ಟಾಪಿನಲ್ಲಿ ನಮ್ಮವರು ನನ್ನ ಹಣೆ ಮುಟ್ಟಿ ನೋಡಿದರು. ಮೂರು ದಿನದಿಂದ ಬೀಗ ನೋಡೋಕೆ ವಾಪಸ್ ಹೋಗಿಲ್ಲ, ಹುಷಾರಾಗಿದೀಯ ತಾನೆ ಅಂದರು. ಹೌದಲ್ಲ. ಅವರು ಹೇಳಿದಾಗಿನಿಂದ ಅದೇ ಚಿಂತೆ. ಬೀಗ ಹಾಕಿದ್ದೆನೋ ಇಲ್ಲವೋ.

ಮೀಸೆ ಅಣ್ಣನ ಹೊಸ ಐದು ಸಾಲು ಫಿಟ್ಟರ್ ಮೇಲೆ. ಕೊನೆಯ ಸಾಲು "ಕವನ ಓದುವವನು". ಫಿಟ್ಟರ್ ಆ ಕಾಗದ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಹರಿಯಲಿಲ್ಲ.

ಮಾರ್ಚ್ 28, ಶುಕ್ರವಾರ

ಗೋಡೆಯ ಮೇಲೆ ಮೂಲೆಯಾಕೆಯ ಹಾಳೆ ಬದಲಾಯಿಸಿದೆವು. ಹಳೆಯದರ ಜಾಗದಲ್ಲಿ ಅವಳು ಮೊದಲು ಬರೆದದ್ದೇ, ನನ್ನ ಕೆಂಪು ಗೀಟಿನ ಸಮೇತ. ಇದು ಬೇಡ, ಹೊಸದಾಗಿ ಬರೆ ಅಂದೆ. ಗೀಟೂ ಇರಲಿ ಅಂದಳು. ಯಾಕೆ ಅಂತ ಕೇಳಿದೆ. "ಟೀಚರ್ ಕೂಡ ಕಲೀತಾರೆ ಅಂತ ಹೊಸಬ್ರಿಗೆ ಗೊತ್ತಾಗ್ಲಿ" ಅಂದಳು. ಮುಖ ಕೆಂಪಾಯಿತು. ಇರಲಿ ಅಂದೆ.

ಇವತ್ತಿನ ಆಟ, ಈ ವಾರ ಬದಲಾದದ್ದು ಎರಡು. ಅವಳು ಬರೆದಳು:

ಮೂಗಿಗೆ: ಈಗ ಬರೀ ಸೋಪು
ಕಿವಿಗೆ: ಗುರ್ ಗುರ್ ಗುರ್ ಇತ್ತು. ಈಗ ಗುರ್ ಗುರ್ ಟಿಕ್.

ಎಲ್ಲಿ ಅಂತ ಕೇಳಿದೆ. ಮೂರನೆಯದರ ಹಿಂದೆ, ಎಡಗಡೆ, ಕೊಳವೆ ಗೋಡೆ ಸೇರುವ ಕಡೆ ಅಂದಳು. ಹೋಗಿ ನಿಂತೆ. ನನಗೆ ಬರೀ ಗುರ್ ಕೇಳಿಸಿತು. ಫಿಟ್ಟರ್ ಹೋಗಿಯಾಗಿತ್ತು. ಕ್ಲೀನ್ ಮಾಡಿದ್ದಾಗಿದೆ, ಎಲ್ಲ ಸರಿಯಿದೆ ಅಂತ ಅವನೇ ಸಹಿ ಮಾಡಿದ ಹಾಳೆ ಯಂತ್ರದ ಮೇಲೆ ಅಂಟಿಸಿದ್ದಾನೆ. ಅದರ ಮೇಲೆಯೇ ಒಂದು ಚೀಟಿ ಅಂಟಿಸಿ ಬಂದೆ. ಏನು ಬರೆದೆ ಅಂತ ಇಲ್ಲೂ ಬರೆದಿಡುತ್ತೇನೆ.

ಫಿಟ್ಟರ್ ಅಣ್ಣಾ, ಕಿವಿಯ ಸಾಲು ಅವಳದು, ನಾನು ಒಂದಕ್ಷರವನ್ನೂ ಮುಟ್ಟಿಲ್ಲ. ನನಗೆ ಟಿಕ್ ಕೇಳಿಸಲಿಲ್ಲ, ಅದನ್ನು ಲೆಕ್ಕಕ್ಕೆ ತಗೋಬೇಡಿ. ನಾಳೆ ಕಂಬಳಿ ಹಾಕುವ ಮೊದಲು ಮೂರನೆಯದರ ಹಿಂದೆ, ಎಡಗಡೆ, ಕೊಳವೆ ಗೋಡೆ ಸೇರುವ ಕಡೆ ದಯವಿಟ್ಟು ಇನ್ನೊಂದು ಸಲ ನೋಡಿ.